ಕುರ್ಚಿ ಬಿಡಿಸುವ ಜಯಲತಾ ಮೇಡಂ
ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಮ್ ಕಲಿಸುವ ಜಯಲತಾ ಮೇಡಂಗೆ ಪಾಠಕ್ಕೆ ಕಂಪ್ಯೂಟರ್ ಬೇಡ, ಒಂದು ಕುರ್ಚಿ ಸಾಕು. ಕುರ್ಚಿಯೇ ಪ್ರೊಸೆಸರ್, ಅದರ ಮುಂದೆ ಸಾಲಾಗಿ ನಿಂತ ಮಕ್ಕಳೇ ಅದು ಮಾಡಬೇಕಾದ ಕೆಲಸಗಳು. ಒಬ್ಬೊಬ್ಬರಿಗೂ ಅರ್ಧ ನಿಮಿಷ. ಅಷ್ಟರಲ್ಲಿ ಕೊಟ್ಟ ಲೆಕ್ಕ ಮುಗಿಯದಿದ್ದರೆ ಎದ್ದು ಸಾಲಿನ ಕೊನೆಗೆ ಹೋಗಬೇಕು. "ಏಳು ಮಾರಾಯಾ, ಕುರ್ಚಿ ನಿನ್ನ ಅಜ್ಜನದ್ದಲ್ಲ" ಎಂದು ಉಡುಪಿಯ ಕನ್ನಡದಲ್ಲಿ ಗದರಿದರೆ ಕನ್ನಡದ ಗಂಧವಿಲ್ಲದ ಹಿತೇಶನೂ ಏಳುತ್ತಾನೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ತಿಳಿಯದೆ ಅಲ್ಲಿ ಕೂತಾಗ, ಅರ್ಧ ನಿಮಿಷಕ್ಕೆ ಸರಿಯಾಗಿ ಅವರನ್ನೂ ಎಬ್ಬಿಸಿದ್ದರು. ಒಬ್ಬ ಚಾಕ್, ಇನ್ನೊಬ್ಬ ಡಸ್ಟರ್ ಹಿಡಿದು, ಎರಡೂ ತನಗೇ ಬೇಕೆಂದು ಇಬ್ಬರೂ ಬಿಡದೆ ನಿಂತರೆ, ಮೇಡಂ ಬೆಲ್ ಆಗುವವರೆಗೂ ಸುಮ್ಮನೆ ನೋಡುತ್ತಾರೆ. "ಡೆಡ್‌ಲಾಕ್ ಅಂದ್ರೆ ಇದೇ" ಎಂದು ಬ್ಯಾಗು ಹೆಗಲಿಗೇರಿಸಿ ಕಲ್ಯಾಣದ ಲೋಕಲ್ ರೈಲು ಹಿಡಿಯುತ್ತಾರೆ. ಮೊನ್ನೆಯ ಪಾಠ, ಮೇಲಿನ ದರ್ಜೆಯವರು ಮುಂದೆ ಮುಂದೆ ಬರುತ್ತಿದ್ದರೆ ಸಾಲಿನಲ್ಲೇ ಉಳಿದುಹೋಗುವವರ ಬಗ್ಗೆ. "ಕಾದಷ್ಟೂ ಅವರ ದರ್ಜೆ ಏರಿಸ್ತಾ ಹೋಗ್ಬೇಕು. ಇಲ್ಲದಿದ್ರೆ ಅವರ ಸರದಿ ಬರುವುದೇ ಇಲ್ಲ" ಎಂದರು. ಅಂದು ಬೆಳಿಗ್ಗೆಯಷ್ಟೇ ಕಾಲೇಜು, ಹದಿನಾಲ್ಕು ವರ್ಷದಿಂದ ಹಂಗಾಮಿಯಾಗಿರುವ ಮೇಡಂರನ್ನು ಬಿಟ್ಟು, ಅವರ ಕೈಯಲ್ಲೇ ಕಲಿತ ಶೈಲೇಶನನ್ನು ಕಾಯಂ ಮಾಡಿತ್ತು. ಅದು ತಿಳಿದಿದ್ದ, ಸಾಲಿನಲ್ಲಿ ನಿಂತಿದ್ದ ಪ್ರಣೀತಾ ಮೆಲ್ಲಗೆ ಕೇಳಿದಳು: "ನಿಜವಾಗಿಯೂ ಹಾಗೆ ಏರಿಸ್ತಾರಾ ಮೇಡಂ?" ಮೇಡಂ ಬೋರ್ಡಿನ ಕಡೆ ತಿರುಗಿ, ಬರೆದಿದ್ದುದರ ಕೆಳಗೆ ಒಂದು ಗೆರೆ ಎಳೆದರು. ಆಮೇಲೆ, "ಕಂಪ್ಯೂಟರ್ ಏರಿಸ್ತದೆ. ಪರೀಕ್ಷೆಗೆ ಬರ್ತದೆ, ಬರ್ಕೊಳ್ಳಿ" ಎಂದರು.