ನೆಲುವಿನಲ್ಲಿ ತೂಗುವ ಐವಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾನು ದಿನಚರಿ ಬರೆಯುವವಳು, ನಿಜ. ಆದರೆ ಯುದ್ಧದ ಕಾಲದಲ್ಲೊಮ್ಮೆ ವಿಷಮಜ್ವರ ಹಿಡಿದು ಮಂಡ್ಯದ ಮನೆಯಲ್ಲಿ ಮಲಗಿದ್ದ ವಾರಗಳ ಹಾಳೆಗಳೆಲ್ಲ ಖಾಲಿ. ಖಾಲಿ ಹಾಳೆಯನ್ನು ನೆನಪು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತದೆ.

ಐವಿ ಬಳ್ಳಿಯನ್ನು ಮಾತ್ರ ನಂಬಬಹುದು. ಅದು ಈಗಲೂ ಕಣ್ಣೆದುರಿಗೇ ತೂಗುತ್ತಿದೆ. ಗಿಡ್ಡ ಜಾತಿ, ಪುಟ್ಟ ಎಲೆ, ಎಲೆಯ ಸುತ್ತ ಹಾಲು ಚೆಲ್ಲಿದಂತೆ ಬಿಳಿ ಅಂಚು. ಮೈಸೂರಿನ ಕಾಲೇಜಿನಲ್ಲಿ ಜೊತೆಗೆ ಸಸ್ಯಶಾಸ್ತ್ರ ಓದಿದ ಗೆಳತಿ ಮದುವೆಯಾಗಿ ದೂರದ ಊರಿಗೆ ಹೊರಡುವಾಗ ಕೊಟ್ಟದ್ದು. ಆಮೇಲೆ ಅವಳ ಕಾಗದಗಳೂ ನಿಂತವು. ಅವಳದೆಂದು ನನ್ನ ಬಳಿ ಉಳಿದದ್ದು ಇದೊಂದೇ. ಮಂಡ್ಯದ ಬಿಸಿಲಿಗೆ ತಡೆಯಲಾರದೆಂದು, ಬೆಣ್ಣೆ ಗಡಿಗೆ ತೂಗುಹಾಕುವ ನೆಲುವಿನಲ್ಲಿ ಅದರ ಕುಂಡವಿಟ್ಟು ಜಗಲಿಯ ನೆರಳಿಗೆ ಕಟ್ಟಿದ್ದೆ. ನೆಲಕ್ಕಿಳಿದ ಬೆಣ್ಣೆ ಬೆಕ್ಕಿನ ಪಾಲಾದದ್ದು ಬೇರೆ ಮಾತು.

ನನ್ನ ಆರೈಕೆಗೆ ಬಂದವಳು ಯಲಿಯೂರಿನ ಸೋದರತ್ತೆ. ನೆರೆಯವರು ಬಾಗಿಲಲ್ಲೇ ನಿಂತು ವಿಚಾರಿಸಿ ಹೋಗುತ್ತಿದ್ದಾಗ, ಅತ್ತೆ ನನ್ನ ಹಾಸಿಗೆಯ ಪಕ್ಕದಲ್ಲೇ ಚಾಪೆ ಹಾಸಿದಳು, ಗಂಜಿ ಕುಡಿಸಿದಳು. ಬಳ್ಳಿಯನ್ನೂ ನೋಡಿಕೊಂಡಳು. ಕೊನೆಗೊಂದು ದಿನ ಗೋಡೆ ಹಿಡಿದು ಜಗಲಿಗೆ ಬಂದು ನೋಡುತ್ತೇನೆ, ಬಳ್ಳಿಯಲ್ಲಿ ಪೂರಾ ಹಸಿರು ಕುಡಿಗಳಷ್ಟೇ ಉಳಿದಿವೆ, ಒಂದೇ ಒಂದು ಬಿಳಿ ಅಂಚಿಲ್ಲ!

“ಬಿಳಿ ರೋಗ ಅತ್ತಿತ್ತು ಕಣವ್ವ. ದಿನಾ ಕೂತ್ಕಂಡು ಕುಡಿ ಕಿತ್ತೆ. ಈಗ ಎಂಗ್ ಅಸುರಾಗದೆ ನೋಡು!”

ಅತ್ತೆಯದು ಕಬ್ಬು ಬೆಳೆದವರ ಕಣ್ಣು. ಗರಿ ಬಿಳಿಚಿದ್ದು ಕಂಡರೆ ಸುಮ್ಮನಿರುವುದಿಲ್ಲ. ಪುಸ್ತಕ ಹೇಳುವುದು ಇದರ ತಿರುಗುಮುರುಗು: ಇಂಥ ಬಳ್ಳಿಯಲ್ಲಿ ಪೂರಾ ಹಸಿರು ಕುಡಿ ಒಡೆದರೆ ಅದನ್ನು ಚಿವುಟಬೇಕು, ಇಲ್ಲವಾದರೆ ಅದೇ ಮಿಕ್ಕದ್ದನ್ನು ಮೀರಿ ಬೆಳೆಯುತ್ತದೆ. ನನಗೆ ನಿಲ್ಲಲು ತ್ರಾಣವಿರಲಿಲ್ಲ, ಕೂಗಾಡಲು ಇತ್ತು.

“ಅದು ರೋಗ ಅಲ್ಲ, ಅದೇ ಅದರ ಅಂದ!”

“ಬಿಳಿಚ್ಕಂಡಿರೋದು ಅಂದ್ವಾ? ನೀನೂ ಅಂಗೇ ಬಿಳಿಚ್ಕಂಡು ಮನಗಿದ್ದೆ. ಚೆಂದಾಗವ್ಳೆ ಅಂತ ಬುಟ್ಬುಡ್ಬೇಕಿತ್ತಾ?”

ಮುಖ ಊದಿಸಿಕೊಂಡೆ ಎಂದು ನನ್ನ ನೆನಪು; ಗಳಗಳ ಅಳುತ್ತಿದ್ದೆ ಎಂದು ಅವಳ ನೆನಪು.

ಸಂಜೆ ಅತ್ತೆ ನನ್ನ ತೋಳು ಹಿಡಿದು ಹಿತ್ತಿಲಿಗೆ ನಡೆಸಿದಳು. ಬಚ್ಚಲ ಗೋಡೆಯ ತಂಪಿನಲ್ಲಿ, ಬಾಯೊಡೆದ ಮಡಕೆಯೊಂದರಲ್ಲಿ, ಕಿತ್ತ ಕುಡಿಗಳನ್ನೆಲ್ಲ ಊರಿದ್ದಳು. ಬೇರುಬಿಟ್ಟು, ಹೊಸ ಎಲೆಯ ಅಂಚಿಗೂ ಬಿಳಿ ತಂದುಕೊಂಡಿದ್ದವು.

“ತಗಾ, ನಿನ್ ರೋಗಿಷ್ಠರ್ನ!”

ಈಗ ನೆಲುವಿನಲ್ಲಿರುವುದು ಆ ಮಡಕೆಯ ಸಂತಾನ. ಎಲೆಯ ಬಿಳಿ ಭಾಗ ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು, ಪಕ್ಕದ ಹಸಿರೇ ಉಣಿಸಬೇಕು ಎಂದು ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದವಳು ನಾನು. ಅದು ತಲೆಗೆ ಹೋದದ್ದು ಮಾತ್ರ ಅತ್ತೆಯ ಗಂಜಿ ಕುಡಿದ ಮೇಲೆ.

ಮೊನ್ನೆ ಅವಳು ಬಂದಿದ್ದಾಗ ಬಳ್ಳಿಗೆ ನೀರು ಹಾಕುತ್ತಾ ಕೇಳಿದೆ: “ರೋಗ ಅಂತ ಕಿತ್ತವಳು, ಎಸೆಯದೆ ಯಾಕೆ ನೆಟ್ಟೆ, ಅತ್ತೆ?”

ಅತ್ತೆ ವೀಳ್ಯದೆಲೆಯ ತೊಟ್ಟು ಮುರಿದಳು, ಸುಣ್ಣ ಸವರಿದಳು, ಮಡಿಸಿ ಬಾಯಿಗಿಟ್ಟಳು. ಯಲಿಯೂರಿಗೆ ಹೊರಡುವವರೆಗೂ ಆ ಬಾಯಿ ಖಾಲಿಯಾಗಲಿಲ್ಲ.