ಹಿರಿಯರಿಗೆಂದು ಇಟ್ಟ ಜಾಗ

ಪ್ರಾಗ್ ಪಟ್ಟಣವನ್ನು ನೋಡಬೇಕಾಗಿದ್ದವರು ಇಮಾಮ್‌ಸಾಬ ಕಾಕಾ. ನೋಡಿ ಬಂದವನು ನಾನು. ಕಾರಿನಲ್ಲಿ ಅವರಿಗೆಂದು ಇಟ್ಟಿದ್ದ ಒಂದೇ ಒಂದು ಜಾಗದಲ್ಲಿ, ಅವರಿಗೆ ಸುಳ್ಳು ಹೇಳಿ, ನಾನು ಹೋಗಿ ಕುಳಿತೆ. ಒಂಬತ್ತು ವರ್ಷವಾಯಿತು. ನನ್ನ ಹೆಂಡತಿಗೂ ಈ ಮಾತು ಹೇಳಿಲ್ಲ. ಏಕೆ ಹಾಗೆ ಮಾಡಿದೆ ಎಂದು ನೀವು ಕೇಳಿದರೆ — ಅದನ್ನೇ ನಾನೂ ಕೇಳಿಕೊಳ್ಳುತ್ತಿದ್ದೇನೆ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಬೆಟಗೇರಿಯ ನಮ್ಮ ಓಣಿಯವರು, ನನ್ನ ಕೈಗೆ ಲಾಳಿ ಕೊಟ್ಟು ಸೀರೆ ನೇಯಲು ಕಲಿಸಿದವರು. ಪ್ರಾಗಿನಲ್ಲಿ ನಡೆಯುವ ಕೈಮಗ್ಗದ ಪ್ರದರ್ಶನಕ್ಕೆ ಕರೆ ಬಂದಾಗ ಅವರಿಗೆ ಅರವತ್ತೆಂಟು, ನನಗೆ ನಲವತ್ತೊಂದು. ಕರೆ ಬಂದದ್ದು ಅವರ ಕೈಗೆ. ನಾಲ್ಕು ಇಂಗ್ಲಿಷ್ ಶಬ್ದ ಗೊತ್ತಿದ್ದ ನಾನು ಜೊತೆಗೆ ಹೋದೆ, ಅಷ್ಟೆ. ಹತ್ತು ದಿನ ಒಂದು ದೊಡ್ಡ ಹಾಲ್‌ನಲ್ಲಿ, ಬಿಚ್ಚಿ ಜೋಡಿಸುವ ಕಟ್ಟಿಗೆಯ ಮಗ್ಗದ ಮುಂದೆ ಕಾಕಾ ಕುಳಿತು ನೇಯ್ದರು. ಜನ ಸುತ್ತ ನಿಂತು ಅವರ ಕೈಗಳ ಫೋಟೋ ತೆಗೆದರು. ನಾನು ಪಕ್ಕದಲ್ಲಿ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ನನ್ನ ಫೋಟೋ ಯಾರೂ ತೆಗೆಯಲಿಲ್ಲ. ಇದನ್ನು ಏಕೆ ಹೇಳಿದೆನೋ — ಕಾರಣ ಅಂತ ಹೇಳಲಿಲ್ಲ. ಆದರೆ ನೆನಪಿನಲ್ಲಿ ಇದೆ.

ಇಳಿದುಕೊಂಡಿದ್ದ ಹೋಟೆಲಿನಲ್ಲಿ ಒಂದು ಬಣ್ಣದ ಕಾಗದ ಸಿಕ್ಕಿತ್ತು. ಆ ಊರಿನಲ್ಲಿ ತಪ್ಪದೆ ನೋಡಬೇಕಾದ ಹತ್ತು ಜಾಗಗಳ ಪಟ್ಟಿ. ಕಾಕಾ ಓದು ಬಲ್ಲವರಲ್ಲ. ದಿನಾ ಸಂಜೆ ಚಹಾ ಕುಡಿಯುತ್ತ ನಾನು ಅದನ್ನು ನನಗೆ ತಿಳಿದಂತೆ ಕನ್ನಡ ಮಾಡಿ ಓದುತ್ತಿದ್ದೆ. ಗುಡ್ಡದ ಮೇಲಿನ ಕೋಟೆ-ಅರಮನೆ. ಅದರೊಳಗೆ ಬಣ್ಣದ ಗಾಜಿನ ಕಿಟಕಿಗಳ ದೊಡ್ಡ ಚರ್ಚು. ಕಸುಬಿನವರು ವಾಸವಿದ್ದ, ಗೊಂಬೆಮನೆಯಂಥ ಮನೆಗಳ ಬಂಗಾರದ ಓಣಿ. ಎರಡೂ ಬದಿಗೆ ಸಂತರ ಮೂರ್ತಿಗಳು ನಿಂತ ಕಲ್ಲಿನ ಸೇತುವೆ. ಕಲ್ಲಿಗೆ ಕಲ್ಲು ಒತ್ತಿ ನಿಂತ ಯಹೂದಿಗಳ ಹಳೆಯ ಸ್ಮಶಾನ. ಹಳೆಯ ಪೇಟೆಯ ಚೌಕ. ಮತ್ತೆ ಆ ಚೌಕದ ಗಡಿಯಾರ — ತಾಸಿಗೊಮ್ಮೆ ಎರಡು ಕಿಟಕಿ ತೆರೆದು ಹನ್ನೆರಡು ಮೂರ್ತಿಗಳು ಬಂದು ಹೋಗುತ್ತವೆ, ಒಂದು ಎಲುಬಿನ ಗೂಡು ಹಗ್ಗ ಜಗ್ಗುತ್ತದೆ, ಕೊನೆಗೆ ಕೋಳಿ ಕೂಗುತ್ತದೆ.

ನಾಲ್ಕು ಸಂಜೆಯಲ್ಲಿ ಹತ್ತೂ ಕಾಕಾನಿಗೆ ಬಾಯಿಪಾಠವಾದವು. ಅವರ ಜೀವ ನಿಂತದ್ದು ಮಾತ್ರ ಗಡಿಯಾರದ ಮೇಲೆ. ಒಳಗೆ ಹಲ್ಲಿನ ಗಾಲಿ ಇರಬೇಕು, ನಮ್ಮ ಸೀರೆಯ ದಡಿಯ ನಕ್ಷೆಗೆ ಎಳೆ ಎತ್ತುವ ಹಾಗೆಯೇ ಏನೋ ಎತ್ತುತ್ತಿರಬೇಕು, ಒಂದು ಸಲ ಕಣ್ಣಾರೆ ಕಂಡರೆ ತಿಳಿದೀತು ಅನ್ನುತ್ತಿದ್ದರು. ಅಂಥ ಗಡಿಯಾರ ಇನ್ನೊಂದು ಆಗದಿರಲಿ ಎಂದು ಅದನ್ನು ಮಾಡಿದವನ ಕಣ್ಣನ್ನೇ ಕೀಳಿಸಿದರು ಎಂಬ ಕಥೆಯೂ ಕಾಗದದಲ್ಲಿತ್ತು. ಅದನ್ನು ಕೇಳಿದ ಸಂಜೆ ಕಾಕಾ ಊಟ ಸರಿಯಾಗಿ ಮಾಡಲಿಲ್ಲ.

ಕೊನೆಯ ದಿನ ಮಧ್ಯಾಹ್ನಕ್ಕೆ ಪ್ರದರ್ಶನ ಮುಗಿಯಿತು. ಕಾಕಾ ಬೆಳಿಗ್ಗೆಯೇ ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿಕೊಂಡು, ಅತ್ತರ ಹಚ್ಚಿಕೊಂಡು ಬಂದಿದ್ದರು. ಊರು ತೋರಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಅಲ್ಲಿಯ ಹೆಣ್ಣುಮಗಳು ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಹೇಳಿದಳು — ಕಾರಿನಲ್ಲಿ ಇನ್ನು ಒಬ್ಬರಿಗೆ ಮಾತ್ರ ಜಾಗ ಇದೆ, ಹಿರಿಯರನ್ನು ಕಳಿಸು, ಮಗ್ಗ ಬಿಚ್ಚಿ ಕಟ್ಟಲು ನೀನು ಇರು. ನನಗೆ ಪ್ರತಿ ಶಬ್ದವೂ ತಿಳಿಯಿತು. ತಿಳಿಯಲಿಲ್ಲ ಎಂದು ಹೇಳಿ ಪಾರಾಗುವ ದಾರಿಯೂ ನನಗಿಲ್ಲ.

ಕಾಕಾ ನನ್ನ ಮುಖ ನೋಡುತ್ತ ನಿಂತಿದ್ದರು.

“ಒಬ್ಬರಿಗಽ ಜಾಗಾ ಐತಂತರಿ ಕಾಕಾ. ನನ್ನ ಬಾ ಅಂದಾರ” ಎಂದೆ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ. ಆಕೆ ಕೊಟ್ಟಿದ್ದಳು. ನಡುವಿನ ಪೂಜಾರಿ ನಾನು. ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಅದು ಬೇರೆ ಯಾರೋ ಆಡಿದ ಹಾಗೆ ಕೇಳಿಸಿತು. ಅಲ್ಲ, ಅದು ಸುಳ್ಳು — ನಾನೇ ಆಡಿದ್ದೆ. ಆಡುವ ಮುಂಚೆ ಯೋಚಿಸಿದ್ದೆನೇ ಇಲ್ಲವೇ ಎಂಬುದು ಮಾತ್ರ ಇಂದಿಗೂ ಬಗೆಹರಿದಿಲ್ಲ.

ಕಾಕಾ ಜುಬ್ಬಾದ ಕಿಸೆಯಿಂದ ಆ ಪಟ್ಟಿ ತೆಗೆದು ನನ್ನ ಕೈಗಿಟ್ಟರು. “ಹೋಗಿ ಬಾರಪಾ ಈರಣ್ಣಾ. ಹತ್ತರಾಗ ಒಂದೂ ಬಿಡಬ್ಯಾಡ. ಬಂದು ನನಗ ಸಾವಕಾಶ ಹೇಳು” ಎಂದರು. ಆ ಹೆಣ್ಣುಮಗಳಿಗೆ ನಾನು ಏನು ಹೇಳಿದೆ? ಹಿರಿಯರಿಗೆ ದಣಿವಾಗಿದೆ, ಬರುವುದಿಲ್ಲವಂತೆ ಎಂದೆ. ಸುಳ್ಳು ಎರಡಾಯಿತು.

ಏನು ನೋಡಿದೆ ಎಂದು ಕೇಳಬೇಡಿ. ನೋಡಿದ್ದೇನೆ, ಆದರೆ ಯಾವುದು ಕಣ್ಣಲ್ಲಿ ಕಂಡದ್ದು, ಯಾವುದು ಕಾಗದದಲ್ಲಿ ಓದಿದ್ದು ಎಂದು ಬೇರೆ ಮಾಡಲು ಬರುವುದಿಲ್ಲ. ಸೇತುವೆಯ ಮೇಲೆ ಒಂದು ಹಿತ್ತಾಳೆಯ ಫಲಕ ಇತ್ತು, ಮುಟ್ಟಿ ಬೇಡಿಕೊಂಡದ್ದು ಆಗುತ್ತದಂತೆ. ಸಾಲಿನಲ್ಲಿ ನಿಂತು ನಾನೂ ಮುಟ್ಟಿದೆ. ಏನು ಬೇಡಬೇಕೆಂದು ತೋಚಲಿಲ್ಲ. ಆ ಹೊತ್ತಿಗೆ ಕಾಕಾ ಒಬ್ಬರೇ ಮಗ್ಗದ ಮೊಳೆ ಬಿಚ್ಚುತ್ತಿರಬಹುದು ಅನ್ನಿಸಿತು. ಬಂಗಾರದ ಓಣಿಯಲ್ಲಿ ಬಾಗಿಲು ಬಾಗಿಲಿಗೂ ತಲೆ ಬಗ್ಗಿಸಿ ಹೋದೆ, ಒಳಗೆ ಏನಿತ್ತೋ. ಗಡಿಯಾರದ ಕೆಳಗೆ ಬಂದು ನಿಂತಾಗ ತಾಸು ತುಂಬಲು ಎರಡು ನಿಮಿಷವಿತ್ತು. ಸುತ್ತಲಿನ ಜನರೆಲ್ಲ ಫೋನು ಎತ್ತಿ ಹಿಡಿದರು. ನಾನು ಕೈಯಲ್ಲಿದ್ದ ಪಟ್ಟಿ ಬಿಚ್ಚಿದೆ. ಅದಕ್ಕೆ ಕಾಕಾನ ಅತ್ತರಿನ ವಾಸನೆ ಹತ್ತಿತ್ತು. ಗಂಟೆ ಬಾರಿಸಿತು, ಜನ ಹೋ ಎಂದರು, ಕೋಳಿಯೂ ಕೂಗಿತು. ನಾನು ತಲೆ ಎತ್ತಿದಾಗ ಕಿಟಕಿ ಮುಚ್ಚಿದ್ದವು.

ಸಂಜೆ ಕಾಕಾ ಚಹಾ ತರಿಸಿ ನನ್ನನ್ನು ಎದುರಿಗೆ ಕೂಡಿಸಿಕೊಂಡರು. ಹತ್ತನ್ನೂ ಸಾಲಾಗಿ ಹೇಳಿಸಿದರು. ಗಡಿಯಾರಕ್ಕೆ ಬಂದಾಗ ಅವರು ಕೇಳಿದ್ದು ಒಂದೇ — “ಮೂರ್ತಿ ಯಾ ಕಡೆ ತಿರಗತಾವ? ಎಡಕೋ ಬಲಕೋ?” ನೇಕಾರನಿಗೆ ಮಾತ್ರ ಹುಟ್ಟುವ ಪ್ರಶ್ನೆ. ಬಲಕ್ಕೆ ಎಂದೆ. ಹೌದೇನು ಎಂದು ಅವರು ಬೆರಳನ್ನು ಗಾಳಿಯಲ್ಲಿ ಬಲಕ್ಕೆ ತಿರುಗಿಸಿ ನೋಡಿಕೊಂಡರು.

ಊರಿಗೆ ಬಂದ ಮೇಲೆ ಓಣಿಯವರು ನಮ್ಮನ್ನು ಕಾಶಿಯಾತ್ರೆ ಮಾಡಿ ಬಂದವರಂತೆ ನೋಡಿದರು. ಹೆಂಗಸರು ಬಂದು ಕೂತು ಆ ಊರಿನ ಕಥೆ ಹೇಳಿಸಿಕೊಂಡರು. ಹೇಳುವವನು ನಾನು, ಪಕ್ಕದಲ್ಲಿ ಕೂತು ನಾನು ಮರೆತದ್ದನ್ನು ಎತ್ತಿಕೊಡುವವರು ಕಾಕಾ. ಒಂದು ದಿನ ಯಾರೋ ಕೇಳಿಯೇಬಿಟ್ಟರು, ಕಾಕಾ ನೀವ್ಯಾಕ ಹೋಗಲಿಲ್ಲ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿ ಹೆಗಲಿಗೆ ಹೋಯಿತು.

“ಅವತ್ತ ನನಗ ಮಣಕಾಲ ಹಿಡಿದಿತ್ತವಾ. ನಾನಽ ಈರಣ್ಣನ್ನ ಕಳಿಸಿದೆ” ಎಂದರು ಕಾಕಾ.

ಅವರಿಗೆ ಮೊಣಕಾಲು ನೋವು ಇರಲಿಲ್ಲ. ಇಡೀ ಮಗ್ಗವನ್ನು ಒಬ್ಬರೇ ಬಿಚ್ಚಿ, ಕಟ್ಟಿ, ಹೊತ್ತು ಇಟ್ಟಿದ್ದರು. ಮತ್ತೆ ಏಕೆ ಹಾಗೆಂದರು? ನನ್ನ ಕಳ್ಳತನ ಗೊತ್ತಾಗಿ ನನ್ನನ್ನು ಮುಚ್ಚಿಟ್ಟರೋ? ಅಥವಾ ಕರೆಸಿಕೊಂಡವರೇ ತನ್ನನ್ನು ಬಿಟ್ಟು ಶಿಷ್ಯನನ್ನು ಕರೆದರು ಎಂಬ ಅವಮಾನವನ್ನು ಓಣಿಯ ಮುಂದೆ ಹೇಳಲಾರದೆ, ತನ್ನ ಮಾನ ಮುಚ್ಚಿಕೊಂಡರೋ? ಮೊದಲನೆಯದಾದರೆ ನಾನು ಅವರೆದುರು ಹೇಗೆ ಕುಳಿತಿದ್ದೇನೆ? ಎರಡನೆಯದಾದರೆ — ಒಂಬತ್ತು ವರ್ಷದಿಂದ ಅವರು ಆಗದ ಅವಮಾನವೊಂದನ್ನು ಹೊತ್ತಿದ್ದಾರೆ, ಅದನ್ನು ಹೊರಿಸಿದವನು ನಾನು. ಯಾವುದು ಹೆಚ್ಚು ಕೆಟ್ಟದ್ದು ಎಂದು ಲೆಕ್ಕ ಹಾಕುತ್ತೇನೆ, ಪ್ರತಿ ಸಲವೂ ಉತ್ತರ ಬದಲಾಗುತ್ತದೆ.

ಈಗ ಕಾಕಾನ ಕಣ್ಣು ಮಸುಕಾಗಿವೆ. ಎರಡು ವರ್ಷದಿಂದ ಮಗ್ಗಕ್ಕೆ ಕೂಡುವುದಿಲ್ಲ. ಶುಕ್ರವಾರ ನಮಾಜು ಮುಗಿಸಿ ಗೋಡೆ ಹಿಡಿದುಕೊಂಡು ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಾರೆ. ಮಡಿಕೆಗಳಲ್ಲಿ ಹರಿದು ಅಂಟು ಹಚ್ಚಿದ ಆ ಪಟ್ಟಿಯನ್ನು ಓದಿಸುತ್ತಾರೆ. ಕಣ್ಣು ಮಸುಕಾಗುವ ಮುಂಚೆ ಅವರ ಮೊಮ್ಮಗಳು ಗಡಿಯಾರವನ್ನು ಫೋನಿನಲ್ಲಿ ತೋರಿಸುತ್ತೇನೆಂದಳು. ಈರಣ್ಣ ಕಣ್ಣಾರೆ ನೋಡ್ಯಾನ, ಅಷ್ಟು ಸಾಕು ಎಂದುಬಿಟ್ಟರು. ನಾನೂ ಫೋನಿನಲ್ಲಿ ಹುಡುಕಿ ನೋಡಬಹುದಿತ್ತು, ಒಂದು ನಿಮಿಷದ ಕೆಲಸ. ಇಂದಿಗೂ ನೋಡಿಲ್ಲ.

ಹೋದ ಶುಕ್ರವಾರ ಓದುವಾಗ ಆ ಕಣ್ಣು ಕೀಳಿಸಿದ ಕಥೆಯನ್ನು ದಾಟಿಸಿ ಮುಂದೆ ಹೋದೆ. ಕಾಕಾ ಕೈ ಎತ್ತಿ ತಡೆದರು. “ನಡುವ ಒಂದ ಎಳಿ ಬಿಟ್ಟಿ ನೋಡು” ಎಂದರು. ನಗುತ್ತಲೇ ಎಂದರು. ಬಿಟ್ಟ ಎಳೆ ಈ ಮನುಷ್ಯನಿಗೆ ಎಲ್ಲಿಯೂ ತಿಳಿಯದೆ ಹೋಗಿಲ್ಲ ಎಂದಾದರೆ, ಅವತ್ತು ಆ ಪ್ರದರ್ಶನದ ಹಾಲ್‌ನಲ್ಲಿ ನಾನು ಆಡಿದ ಸುಳ್ಳು —

ಅದಕ್ಕೇ ಇದನ್ನು ಬರೆದೆ. ನಾಳೆ ಶುಕ್ರವಾರ. ಹತ್ತೂ ಜಾಗಗಳನ್ನು ಓದಿ ಮುಗಿಸಿದ ಮೇಲೆ ಈ ಹಾಳೆಗಳನ್ನು ತೆಗೆದು ಕಾಕಾನಿಗೆ ಮೊದಲಿಂದ ಓದುತ್ತೇನೆ. ಅವತ್ತು ಆಕೆ ಹೇಳಿದ ಮಾತನ್ನು ಇದ್ದ ಹಾಗೆಯೇ ಕನ್ನಡದಲ್ಲಿ ಹೇಳುತ್ತೇನೆ, ಒಂಬತ್ತು ವರ್ಷ ತಡವಾಗಿ. ಗೊತ್ತಿತ್ತು ಎನ್ನುತ್ತಾರೋ, ಎದ್ದು ಗೋಡೆ ಹಿಡಿದುಕೊಂಡು ಹೋಗಿಬಿಡುತ್ತಾರೋ ತಿಳಿಯದು. ಕ್ಷಮಿಸಿ ಎಂದು ಕೇಳುವುದಿಲ್ಲ. ಅದು ಅವರಿಗೆ ಬಿಟ್ಟದ್ದು. ಆದರೆ ಅವರು ಬೆರಳೆತ್ತಿ, ಹಾಗಾದರೆ ಮೂರ್ತಿಗಳು ಖರೆ ಯಾವ ಕಡೆ ತಿರುಗುತ್ತವೆ ಎಂದು ಮತ್ತೆ ಕೇಳಿಯೇ ಕೇಳುತ್ತಾರೆ. ನಾನು ನೋಡಲಿಲ್ಲರಿ ಕಾಕಾ ಎಂದು ಹೇಳಬೇಕು.