ಸಲೂನಿನವರ ಅಪ್ಪನ ಗಡ್ಡ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಡಹಿನಬೈಲಿನ ಮನೆಯೊಂದರ ಕೋಣೆಯಲ್ಲಿ ಯೋಗೇಂದ್ರ ಮಂಚದ ತುದಿಗೆ ಕೂತು, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸುಬ್ಬರಾಯರ ಮುಖದ ಮೇಲೆ ಹಾಸುತ್ತಾರೆ. ಲಕ್ವ ಹೊಡೆದು ಮಲಗಿರುವ ಸುಬ್ಬರಾಯರ ಎಡಗೆನ್ನೆ ಜೋತುಬಿದ್ದಿದೆ. ಅಲ್ಲಿ ಬ್ಲೇಡು ಆಡಿಸುವುದು ಹುಡುಗಾಟವಲ್ಲ. ಒಣಬಟ್ಟೆಯಿಂದ ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿದು ಯೋಗೇಂದ್ರ ಕೇಳುತ್ತಾರೆ, "ಉಗುಳು ನುಂಗಿ ಆಯ್ತಾ ರಾಯರೇ? ಈಗ ಗಂಟಲ ಹತ್ರ ಬರ್ತೀನಿ." ಸುಬ್ಬರಾಯರು ಕಣ್ಣು ಮಿಟುಕಿಸುತ್ತಾರೆ. ಅದೇ ಅನುಮತಿ.

ಕೆಲಸ ಮುಗಿದ ಮೇಲೆ ಸೊಸೆ ಶಾಂತಕ್ಕ ಕನ್ನಡಿ ಹಿಡಿಯುತ್ತಾರೆ. "ಗಡ್ಡ ತೆಗೆದ ದಿನ ಮಾವ ನಾಲ್ಕು ತುತ್ತು ಜಾಸ್ತಿ ಉಣ್ತಾರೆ. ಎಂತಕ್ಕೋ ಗೊತ್ತಿಲ್ಲ" ಎನ್ನುತ್ತಾರೆ.

ಯೋಗೇಂದ್ರ ಅವರದ್ದು ಮುತ್ತಿನಕೊಪ್ಪದ ಬಸ್ ನಿಲ್ದಾಣದ ಎದುರು ಎರಡು ಕುರ್ಚಿಯ ಸಲೂನು. ಬಾಗಿಲು ತೆಗೆಯುವ ಮೊದಲು ಸ್ಕೂಟರ್ ಹತ್ತಿ ಹೊರಡುತ್ತಾರೆ. ಎದ್ದು ಓಡಾಡಲಾಗದವರಿರುವ ಹತ್ತು ಹನ್ನೆರಡು ಮನೆಗಳಿವೆ. ದಿನಕ್ಕೊಂದೋ ಎರಡೋ ಮುಗಿಸುತ್ತಾರೆ. ಸಲೂನಿಗೆ ಹೇಗೂ ಮಂಗಳವಾರ ರಜೆ, ಎಲ್ಲವನ್ನೂ ಆವತ್ತೇ ಮಾಡಬಹುದಲ್ಲ ಎಂದರೆ ನಗುತ್ತಾರೆ. ಶುರುವಿನಲ್ಲಿ ಅವರೂ ಹಾಗೇ ಲೆಕ್ಕ ಹಾಕಿ ಒಂದು ಮಂಗಳವಾರ ಹೋಗಿದ್ದರು. ಆ ಮನೆಯ ಅಜ್ಜಿ ಬಾಗಿಲಲ್ಲೇ ತಡೆದು, "ಮಂಗಳವಾರ ಯಾರಾದ್ರೂ ಕತ್ತರಿ ಹಿಡ್ಕೊಂಡು ಬರ್ತಾರಾ ಮಾರಾಯ? ಮಲಗಿರೋರಿಗೆ ಇನ್ನೂ ಎಂತ ಆಗ್ಬೇಕು ನಿಂಗೆ?" ಎಂದು ವಾಪಸು ಕಳಿಸಿದರಂತೆ.

ಇಷ್ಟೇ ಆಗಿದ್ದರೆ ಒಬ್ಬ ಒಳ್ಳೆಯ ಮನುಷ್ಯನ ಕತೆಯೆಂದು ಮುಗಿಸಬಹುದಿತ್ತು. ಆದರೆ ಮುತ್ತಿನಕೊಪ್ಪದಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವುದು ಯೋಗೇಂದ್ರರ ಅಪ್ಪ ಗಿಡ್ಡಯ್ಯನವರ ಗಡ್ಡದ ವಿಷಯ. ಊರಿಗೆಲ್ಲ ಕ್ಷೌರ ಮಾಡುವವನ ಮನೆಯಲ್ಲಿ ಎದೆಮಟ್ಟ ಬಿಳಿಗಡ್ಡ ಬಿಟ್ಟುಕೊಂಡ ಮುದುಕ ಕೂತಿದ್ದರೆ ಜನ ಸುಮ್ಮನಿರುತ್ತಾರೆಯೇ? "ಮನೆ ಯಜಮಾನ್ರಿಗೆ ಒಂದು ಬ್ಲೇಡ್ ಸಿಗ್ಲಿಲ್ವಾ?" ಎಂದು ಕುರ್ಚಿಯಲ್ಲಿ ಕೂತವರು ಕಾಲೆಳೆಯುತ್ತಾರೆ. ಯೋಗೇಂದ್ರ ಅವರ ತಲೆ ಬಗ್ಗಿಸಿ ಕತ್ತರಿ ಆಡಿಸುತ್ತಾರೆ.

ಉತ್ತರ ಗಿಡ್ಡಯ್ಯನವರ ಹತ್ತಿರವಿದೆ. ಅವರ ಅಪ್ಪ ಕತ್ತಿ, ಕತ್ತರಿಯ ಚೀಲ ಹೆಗಲಿಗೇರಿಸಿ ಮನೆಮನೆಗೆ ಹೋಗುತ್ತಿದ್ದವರು. ಜಗಲಿ ಹತ್ತುವಂತಿರಲಿಲ್ಲ. ಕೊಟ್ಟಿಗೆಯ ಪಕ್ಕವೋ ಹಿತ್ತಲಿನ ಹಲಸಿನ ಬುಡವೋ ಅವರ ಜಾಗ. ತಲೆ ಕೊಟ್ಟವರು ಕೂಡಲೇ ಸ್ನಾನಕ್ಕೆ ಹೋಗಬೇಕು, ಕೂತ ನೆಲ ಶುದ್ಧವಾಗಬೇಕು. "ನಮ್ಮಪ್ಪ ಚೀಲ ಕಟ್ಟಿ ಏಳೋಕೆ ಮುಂಚೆನೇ ಸೆಗಣಿ ನೀರು ಚೆಲ್ಲೋರು. ಕಾಲಿಗೆ ಸಿಡೀತಿತ್ತು" ಎನ್ನುವಾಗ ಗಿಡ್ಡಯ್ಯನವರ ದನಿಯಲ್ಲಿ ಸಿಟ್ಟಿಲ್ಲ. ಅದನ್ನು ಕೇಳುವವರಿಗೇ ಸಿಟ್ಟು ಬರುತ್ತದೆ.

ಅದಕ್ಕೇ ಗಿಡ್ಡಯ್ಯ ಶಿವಮೊಗ್ಗದಿಂದ ತಿರುಗುವ ಕುರ್ಚಿಯೊಂದನ್ನು ಬಸ್ಸಿನ ಟಾಪಿನ ಮೇಲೆ ಹೇರಿಸಿಕೊಂಡು ಬಂದು ಸಲೂನು ತೆರೆದರು. ಇನ್ನು ಯಾರ ಮನೆಗೂ ಹೋಗುವುದಿಲ್ಲ, ಬೇಕಾದವರು ಕುರ್ಚಿಗೆ ಬರಲಿ ಎಂದರು. ದೊಡ್ಡ ಮನೆಗಳವರು ಮುಖ ತಿರುಗಿಸಿದರು. ಹೆಂಡತಿ ತೋಟದ ಕೂಲಿಗೆ ಹೋಗಿ ಮನೆ ನಡೆಸಿದರು. ಕೆಲವು ವರ್ಷ ಕಳೆದ ಮೇಲೆ ಅದೇ ಮನೆಗಳ ಗಂಡುಮಕ್ಕಳು ಒಬ್ಬೊಬ್ಬರಾಗಿ ಬಂದು, ಎಲ್ಲರ ಜೊತೆ ಸರದಿಯಲ್ಲಿ ಕೂತರು.

ಸುಬ್ಬರಾಯರೂ ಹಾಗೆ ಬರುತ್ತಿದ್ದವರೇ. ಐದು ವರ್ಷದ ಹಿಂದೆ ಅವರು ಹಾಸಿಗೆ ಹಿಡಿದರೆಂದು ನೋಡಲು ಹೋದ ಯೋಗೇಂದ್ರರಿಗೆ ಗಡ್ಡದೊಳಗಿನ ಮುಖದ ಗುರುತೇ ಹತ್ತಲಿಲ್ಲ. ಮರುದಿನ ಚೀಲ ಹಿಡಿದು ಹೋದರು. ಸುದ್ದಿ ತಿಳಿದ ಗಿಡ್ಡಯ್ಯ ಮಗನಿಗೆ ಮುಖ ಕೊಡುವುದನ್ನು ಬಿಟ್ಟರು. ಬೇರೆ ಸಲೂನಿಗೂ ಹೋಗಲಿಲ್ಲ. "ನಾನು ಇಳಿಸಿದ ಚೀಲನ ಇವ ಮತ್ತೆ ಹೆಗಲಿಗೆ ಹಾಕ್ದ" ಎಂಬುದೊಂದೇ ಅವರ ಮಾತು.

"ಅಪ್ಪಂದು ತಪ್ಪು ಅನ್ನೋಕೆ ನಂಗೆ ಬಾಯಿ ಬರಲ್ಲ" ಎನ್ನುತ್ತಾರೆ ಯೋಗೇಂದ್ರ. "ಅಜ್ಜನ ಕಾಲಿಗೆ ಸಿಡಿದದ್ದು ನಾನು ನೋಡಿಲ್ಲ, ಅವ್ರು ನೋಡಿದಾರೆ. ಆದ್ರೆ ಕುರ್ಚಿವರೆಗೂ ಬರೋಕಾಗದೋರು ಎಂತ ಮಾಡ್ಬೇಕು? ನಾನು ಹೋಗೋದು ಅಂಗಳಕ್ಕಲ್ಲ, ಮಂಚದ ಹತ್ರಕ್ಕೆ."

ಆ ಮಾತಿಗೆ ಪರೀಕ್ಷೆ ಬಂದದ್ದು ಕಳೆದ ತಿಂಗಳು, ಹಿರೇಕೊಡಿಗೆಯ ಒಂದು ಮನೆಯಲ್ಲಿ. ಒಳಗೆ ಕೂದಲು ಬೀಳಬಾರದೆಂದು ಮನೆಯವರು ಕಾಯಿಲೆಯ ಯಜಮಾನರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಟ್ಟಿ ಅಂಗಳಕ್ಕೆ ಎತ್ತಿ ತಂದಿದ್ದರು. ಪಕ್ಕದಲ್ಲೊಂದು ಬಕೆಟ್ ನೀರು. ಯೋಗೇಂದ್ರ ಚೀಲ ಬಿಚ್ಚಲಿಲ್ಲ. ಒಳಗಾದರೆ ಮಾಡುತ್ತೇನೆ ಎಂದರು. ಆಗುವುದಿಲ್ಲ ಎಂದರು ಮನೆಯವರು. ಯೋಗೇಂದ್ರ ಹಾಗೇ ತಿರುಗಿ ಬಂದರು.

ವಿಷಯ ಯೋಗೇಂದ್ರರ ಹೆಂಡತಿ ಮಾಲತಿಯ ಬಾಯಿಂದ ಗಿಡ್ಡಯ್ಯನವರಿಗೆ ಗೊತ್ತಾಯಿತು. ಮುದುಕ ಹಿಗ್ಗುತ್ತಾರೆ ಎಂದುಕೊಂಡಿದ್ದರು ಮಾಲತಿ. ಗಿಡ್ಡಯ್ಯ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಐದು ವರ್ಷದಲ್ಲಿ ಮೊದಲ ಬಾರಿಗೆ ಮಗನನ್ನೇ ಆ ಕೆಲಸದ ಬಗ್ಗೆ ಕೇಳಿದರು.

"ಆ ಮನುಷ್ಯನ ಗಡ್ಡ ಎಂತ ಆಯ್ತು?"

"ಹಂಗೇ ಐತೆ."

"ನಾಳೆ ಮತ್ತೆ ಹೋಗು. ಒಳಗೆ ಬಿಡಿ ಅಂತ ಕೇಳು. ಮಲಗಿದೋನು ಎಂತ ತಪ್ಪು ಮಾಡಿದಾನೆ?"

ಯೋಗೇಂದ್ರ ಹೋದರು. ಮನೆಯವರು ಜಗ್ಗಲಿಲ್ಲ. ವಾರ ಬಿಟ್ಟು ಮತ್ತೆ ಹೋದರು. ಈ ಸಲ ಹೊರಗೆ ಎತ್ತಿ ತರುವಾಗ ಆ ಯಜಮಾನರೇ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡುಬಿಟ್ಟರು. ಮಾತು ನಿಂತುಹೋದ ಮನುಷ್ಯ. ಬೆರಳು ಬಿಡಿಸಲು ನೋಡಿದರೂ ಬಿಡಲಿಲ್ಲ. ಕೊನೆಗೆ ಮನೆಯವರೇ ಸೋತು, ಕೋಣೆಯಲ್ಲಿ ಹಳೆಯ ಪಂಚೆ ಹಾಸಿಕೊಟ್ಟರು.

ಆವತ್ತು ಯೋಗೇಂದ್ರ ಮುತ್ತಿನಕೊಪ್ಪಕ್ಕೆ ಬಂದಾಗ ಸಲೂನಿನ ಬಾಗಿಲು ತೆರೆದಿತ್ತು. ಶಿವಮೊಗ್ಗದಿಂದ ಬಂದ ಆ ಹಳೆಯ ಕುರ್ಚಿಯಲ್ಲಿ, ಕನ್ನಡಿಗೆ ಮುಖ ಮಾಡಿ ಗಿಡ್ಡಯ್ಯ ಕೂತಿದ್ದರು.

"ಎಲ್ಲಿ ಕೂತು ಮಾಡಿದ್ಯೋ?"

"ಅವ್ರ ಮಂಚದ ಮೇಲೆ. ತಲೆ ನನ್ನ ತೊಡೆ ಮೇಲೆ ಇಟ್ಕೊಂಡು."

ಗಿಡ್ಡಯ್ಯ ಸ್ವಲ್ಪ ಹೊತ್ತು ಕನ್ನಡಿಯಲ್ಲಿ ಮಗನನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿದರು.

"ಹಂಗಾದ್ರೆ ಮಾಡು."